ಬ್ರೇಕಿಗೆ ಬಲಿಯಾದ ಜೂನ್

“ಗ್ರೀಟ್ಯೆ ದೊಡ್ಡಮ್ಮನ ಬ್ರೇಕನ್ನ ಮೌನವ್ರತಕ್ಕೆ ಕೂರಿಸದಿದ್ರೆ ನನ್ನ ಹೆಸರು ವೀಬೆಯೇ ಅಲ್ಲ!”

ಹೀಗೆ ಘೋಷಿಸಿ ವೀಬೆ ಸ್ಪ್ಯಾನರ್ ಎತ್ತಿದ್ದು ಮೇ ಇಪ್ಪತ್ತೆಂಟರ ಬೆಳಿಗ್ಗೆ. ಅವನ ಹೆಂಡತಿ ಆಂಕೆಯ ದೊಡ್ಡಮ್ಮ ಗ್ರೀಟ್ಯೆ, ಲೆಮ್ಮರ್ ಪಟ್ಟಣದ ಕಾಲುವೆ ಸೇತುವೆ ಇಳಿಯುತ್ತ ಸೈಕಲ್ಲಿನ ಬ್ರೇಕ್ ಹಿಡಿದರೆ ‘ಕಿರ್‍ರ್‍ರ್!’ ಎಂಬ ಸದ್ದಿಗೆ ಬಾತುಕೋಳಿಗಳೂ ನೀರು ಬಿಟ್ಟು ದಡ ಹತ್ತುತ್ತಿದ್ದವು.

ವೀಬೆಯ ಈ ಸೇವೆ ನಿಷ್ಕಾಮವೇನಲ್ಲ. ತೀರಿಕೊಂಡ ದೊಡ್ಡಪ್ಪನ ಹಾಯಿದೋಣಿಯ ಮೇಲೆ ಅವನಿಗೆ ಹತ್ತು ವರ್ಷದಿಂದ ಕಣ್ಣು. ದೊಡ್ಡಮ್ಮ ಅದರ ಬೀಗದ ಕೈಯನ್ನು ಅವನ ಮೂಗಿನ ಮುಂದೆ ಆಡಿಸಿ, “ಎಂಟು ದಿನ ನೋಡ್ತೀನಪ್ಪಾ. ಬ್ರೇಕ್ ಕಿರುಚದಿದ್ರೆ ಇದು ನಿಂದೇ” ಎಂದಿದ್ದರು.

“ಸೈಕಲ್ ಅಂಗಡಿಗೆ ಕೊಡು ಮಾರಾಯ” ಎಂದಳು ಆಂಕೆ.

“ಅಂಗಡಿಗಾ? ಈ ಕೈಗಳಿರುವಾಗಾ?”

“ಆ ಕೈಗಳನ್ನ ನೋಡಿಯೇ ಹೇಳಿದ್ದು!”

ಉಪಾಯವೇನೋ ಸುಲಭದ್ದು. ಬ್ರೇಕಿನ ರಬ್ಬರ್ ತುಂಡಿನ ಹಿಂತುದಿಗೂ ಚಕ್ರದ ಅಂಚಿಗೂ ನಡುವೆ ದಪ್ಪ ಕಾಗದ ಸಿಕ್ಕಿಸಿ, ತುಂಡು ತುಸು ಓರೆಯಾಗುವಂತೆ ಬೋಲ್ಟ್ ಬಿಗಿದು, ಕಾಗದವನ್ನು ಎಳೆದುಬಿಡಬೇಕು. ಆದರೆ ಕಾಗದವೆಲ್ಲಿ? ಹಿತ್ತಲ ಬಾಗಿಲ ಪಕ್ಕದಲ್ಲೇ ಶೌಚಾಲಯ. ಊರಿನ ಎಲ್ಲ ಮನೆಗಳಂತೆ ಅಲ್ಲಿನ ಗೋಡೆಯ ಮೇಲೆ ಹುಟ್ಟುಹಬ್ಬದ ಕ್ಯಾಲೆಂಡರ್. ಅದಕ್ಕೆ ವಾರವಿಲ್ಲ, ವರ್ಷವಿಲ್ಲ. ಬರೀ ತಿಂಗಳು, ತಾರೀಖು, ಹೆಸರು. ಒಮ್ಮೆ ಬರೆದರೆ ಜೀವನಪರ್ಯಂತ! ಮೇ ಹಾಳೆ ಹರಿದರೆ ಆಂಕೆಯ ಕಣ್ಣಿಗೆ ಬೀಳುತ್ತದೆಂದು ನಮ್ಮ ಚಾಣಾಕ್ಷ ಅದರ ಕೆಳಗಿನ ಹಾಳೆಯನ್ನು ಹರಿದು, ಪಟ್ಟಿ ಮಡಿಸಿ ರಬ್ಬರ್ ತುಂಡಿಗೆ ಸುತ್ತಿ ಸಿಕ್ಕಿಸಿದ. ಬೋಲ್ಟ್ ಬಿಗಿದ. ಬ್ರೇಕ್ ಒತ್ತಿದ. ಸದ್ದೇ ಇಲ್ಲ! ಗೆದ್ದ ಸಂಭ್ರಮದಲ್ಲಿ ಕಾಗದ ಎಳೆಯುವುದನ್ನೇ ಮರೆತ.

ಜೂನ್ ಒಂದರಂದು ಆಂಕೆ ಕನ್ನಡಕವಿಲ್ಲದೆ ಕ್ಯಾಲೆಂಡರ್ ತಿರುವಿದಳು. ಬಂದದ್ದು ಜುಲೈ. ಮೊದಲ ಎರಡು ವಾರ ಹೆಸರೇ ಇಲ್ಲ. “ಅಬ್ಬಾ, ಸದ್ಯ ಯಾರ ಮನೆಗೂ ಹೋಗ್ಬೇಕಾಗಿಲ್ಲ” ಎಂದು ನಿಟ್ಟುಸಿರುಬಿಟ್ಟಳು.

ಸೇತುವೆಯ ಕಡೆಯಿಂದ ಸದ್ದಿಲ್ಲದೆ ದಿನಗಳು ಕಳೆದವು. ಎಂಟು ದಿನ ತುಂಬಿದ ಸಂಜೆ ವೀಬೆ ದೋಣಿಗೆ ಯಾವ ಬಣ್ಣ ಬಳಿಯಲಿ ಎಂದು ಯೋಚಿಸುತ್ತ ಕಾಫಿ ಹೀರುತ್ತಿದ್ದ.

ಕಿರ್‍ರ್‍ರ್!

ಕಾಫಿ ಪ್ಯಾಂಟಿನ ಮೇಲೆ ಬಿತ್ತು. ಹಿತ್ತಲ ಬಾಗಿಲು ತೆರೆಯಿತು. ರೇಷ್ಮೆ ಸ್ಕಾರ್ಫ್ ತೊಟ್ಟ ದೊಡ್ಡಮ್ಮನ ಜೊತೆಗೇ ಉಪ್ಪುಮೀನಿನ ವಾಸನೆಯೂ ಒಳಬಂತು!

“ದೊಡ್ಡಮ್ಮಾ, ಇದೇನು ಅವತಾರ?”

“ನೀನು ರಿಪೇರಿ ಮಾಡಿದ್ಮೇಲೆ ಬ್ರೇಕೇ ಹಿಡೀಲಿಲ್ಲ, ಇಷ್ಟು ದಿನ ಕಾಲು ಊರಿ ಸೈಕಲ್ ನಿಲ್ಲಿಸಿದೆ ಕಣಪ್ಪಾ. ಇವತ್ತು ಕೇಕಿನ ಕೆನೆ ಮುಗೀತು ಅಂತ ಅವಸರದಲ್ಲಿ ಹೊರಟೆ. ಮರೆತು ಬ್ರೇಕ್ ಹಿಡಿದೆ. ಸದ್ದೂ ಬರಲಿಲ್ಲ, ಸೈಕಲ್ಲೂ ನಿಲ್ಲಲಿಲ್ಲ. ಸೀದಾ ಮೀನಿನ ಗಾಡಿಗೆ!”

“ಕೇಕಾ? ಯಾತಕ್ಕೆ ಕೇಕು?” ಎಂದಳು ಆಂಕೆ.

ದೊಡ್ಡಮ್ಮ ಚೀಲದಿಂದ ಮಸಿ ಹಿಡಿದ ಕಾಗದದ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಮಡಿಕೆ ಬಿಡಿಸಿದರು. ಆಂಕೆಯದೇ ಅಕ್ಷರ: ‘ಜೂನ್ 5, ಗ್ರೀಟ್ಯೆ ದೊಡ್ಡಮ್ಮ’.

“ಸೈಕಲ್ ಅಂಗಡಿಯವನು ಬ್ರೇಕಿನಿಂದ ತೆಗೆದುಕೊಟ್ಟ. ಇವತ್ತಿಗೆ ಎಂಬತ್ತು ತುಂಬ್ತು ನಂಗೆ. ಬೆಳಿಗ್ಗೆಯಿಂದ ಕುರ್ಚಿಗಳನ್ನ ಸುತ್ತ ಹಾಕ್ಕೊಂಡು ಕೂತಿದ್ದೆ. ಊರೇ ಬಂತು. ಎರಡು ಕುರ್ಚಿ ಮಾತ್ರ ಖಾಲಿ.”

ಆಂಕೆ ಗಂಡನತ್ತ ನೋಡಿದಳು. ಆ ನೋಟಕ್ಕೆ ಸ್ಪ್ಯಾನರ್ ಕೂಡ ಬಾಗುತ್ತಿತ್ತು. ವೀಬೆ ತಲೆ ತಗ್ಗಿಸಿ ಪ್ಯಾಂಟಿನ ಕಾಫಿ ಕಲೆ ಉಜ್ಜತೊಡಗಿದ. ಆದರೂ ಆಸೆ ಬಿಡಬೇಕಲ್ಲ!

“ತಪ್ಪಾಯ್ತು ದೊಡ್ಡಮ್ಮಾ... ಮತ್ತೆ, ಆ ದೋಣಿ...?”

“ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ಮುಂದಿನ ಜೂನ್ ಐದಕ್ಕೆ ಬಂದು ಕುರ್ಚಿ ಮೇಲೆ ಕೂತ್ಕೋ, ಆಮೇಲೆ ನೋಡೋಣ. ಅಂಗಡಿಯವನು ‘ಸದ್ದನ್ನೂ ತೆಗೀಲಾ ಅಜ್ಜಿ’ ಅಂದ. ಬೇಡಪ್ಪಾ, ಇರ್ಲಿ ಅಂದೆ. ನಿಮ್ಮನೆ ಕ್ಯಾಲೆಂಡರ್ ನಂಬೋ ಹಾಗಿಲ್ಲ. ದಿನಾ ಇದೇ ಜ್ಞಾಪಿಸ್ಲಿ!”

ಉಳಿದ ಸೇಬಿನ ಕೇಕಿನ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟು ಅವರು ಹೊರಟರು. ಸೇತುವೆಯಾಚೆ ಮತ್ತೆ ‘ಕಿರ್‍ರ್‍ರ್!’

ಆಂಕೆ ಎರಡೂ ತುಂಡುಗಳನ್ನು ತನ್ನ ತಟ್ಟೆಗೇ ಎಳೆದುಕೊಂಡಳು.

“ಕೇಳಿಸ್ತಲ್ಲ? ಈಗ ಹೇಳು, ಇವತ್ತಿನಿಂದ ನಿನ್ನನ್ನ ಯಾವ ಹೆಸರಿಂದ ಕರೀಲಿ?”