ಎಡಕ್ಕೆ ಒಂದು ಮೊಳ

ಜರ್ಮನಿಯ ನೊಯ್‌ಬಿಬರ್ಗಿನ ಆಫೀಸು ಕ್ಯಾಂಟೀನಿನಲ್ಲಿ ಬಾಸ್ ಹೂಬರ್ ಸಾಹೇಬರು ನಿಟ್ಟುಸಿರು ಬಿಟ್ಟದ್ದೇ ಉಳವಪ್ಪನ ಶನಿವಾರ ಕೆಡುವುದಕ್ಕೆ ಕಾರಣವಾಯಿತು. ಎಷ್ಟೋ ವರ್ಷದಿಂದ ಬೇಟೆಗೆ ಹೋಗುತ್ತಿದ್ದ ಆ ಪುಣ್ಯಾತ್ಮರಿಗೆ ಇದುವರೆಗೆ ಒಂದು ಜಿಂಕೆಯೂ ಬಿದ್ದಿರಲಿಲ್ಲ. ಅವರ ಕೋವಿಗೆ ತುಂಬುವುದು ಚರೆಯಲ್ಲ, ಹೆಬ್ಬೆರಳು ದಪ್ಪದ ಒಂಟಿ ಗುಂಡು, ಸ್ಲಗ್ ಎನ್ನುತ್ತಾರೆ. ಐವತ್ತು ಮೀಟರ್ ದಾಟುವಷ್ಟರಲ್ಲಿ ಅದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು ಎಂದು ಅಲವತ್ತುಕೊಂಡರು.

ಪಕ್ಕದಲ್ಲಿದ್ದ ಮೈಸೂರಿನ ಸ್ವರೂಪನಿಗೆ ಸುಮ್ಮನಿರಲಾಗಲಿಲ್ಲ. ಚಿಪ್ ಟೆಸ್ಟ್ ಮಾಡುವ ನಮ್ಮ ಉಳವಪ್ಪ ಅಳತೆಯ ತಪ್ಪು ಹಿಡಿಯುವುದರಲ್ಲಿ ಎತ್ತಿದ ಕೈ, ಶನಿವಾರ ಬಂದು ನಿಮ್ಮ ಕೋವಿಯ ಗುರಿ ಸರಿಮಾಡಿಕೊಡುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೊಗಳಿದ. ಆಮೇಲೆ ಕನ್ನಡದಲ್ಲಿ, "ಒಪ್ಕೊಂಬಿಡು ಗುರು, ಬಾಸ್ ಖುಷಿಯಾಗ್ತಾನೆ" ಎಂದು ಪಿಸುಗುಟ್ಟಿದ. ಜರ್ಮನರು ಕೊಟ್ಟ ಗ್ರೀನ್ ಕಾರ್ಡಿನ ಮೇಲೆ ಕೆಲಸಕ್ಕೆ ಬಂದವನು ಬಾಸಿಗೆ ಇಲ್ಲವೆನ್ನುವುದುಂಟೇ? ಇರುವೆ ಕಂಡರೂ ದಾಟಿ ನಡೆಯುವ ಉಳವಪ್ಪ ತಲೆಯಾಡಿಸಿದ.

ಶನಿವಾರ ಬೆಳಿಗ್ಗೆ ಹೆಂಡತಿ ಕೀರ್ತಿ ಬಾಗಿಲಲ್ಲೇ ತಡೆದಳು.

"ಒಲ್ಲೆ ಅನ್ನಾಕ ಬಾಯಿ ಇರಲಿಲ್ಲೇನ್ರಿ? ಆ ಜಿಂಕಿ ನಿಮಗೇನ ಮಾಡೇತಿ?"

"ನೀ ಸುಮ್ಕಿರ. ಅದರ ಕೂದಲಾ ಕೊಂಕದಂಗ ನಾ ನೋಡ್ಕೊಂತೀನಿ."

ಶೂಟಿಂಗ್ ರೇಂಜಿನಲ್ಲಿ ಹೂಬರ್ ಸಾಹೇಬರು ಭುಜ ನೋವೆಂದು ಹೇಳಿ ಕೋವಿಯನ್ನು ಇವನ ಕೈಗೇ ಕೊಟ್ಟರು. ಉಳವಪ್ಪ ಅದನ್ನು ಮರಳಿನ ಚೀಲದ ಮೇಲಿಟ್ಟು ಮೂರು ಸಲ ಟ್ರಿಗರ್ ಎಳೆದ. ಎತ್ತು ಗುಮ್ಮಿದಂತಾಯಿತು. ಆದರೆ ಮೂರು ಗುಂಡುಗಳೂ ನಟ್ಟನಡುವೆ, ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಕೂತಿದ್ದವು. ಕೋವಿಯಲ್ಲಿ ಐಬೇ ಇರಲಿಲ್ಲ.

ಹೀಗೇ ಬಿಟ್ಟರೆ ಸಂಜೆ ಯಾವುದೋ ಜಿಂಕೆಯ ಕತೆ ಮುಗಿದಂತೆ ಎಂದು ಉಳವಪ್ಪನಿಗೆ ಹೆದರಿಕೆಯಾಯಿತು. "ಇನ್ನೂ ಸ್ವಲ್ಪ ಸರಿ ಮಾಡಬೇಕು" ಎನ್ನುತ್ತ, ಗುರಿ ಕೂಡಿಸುವ ತಿರುಪನ್ನು ತಿರುಗಿಸಿದ. ಇನ್ನು ಗುಂಡು ಮೊಳದಷ್ಟು ಎಡಕ್ಕೆ ಹೋಗುವುದು ಖಂಡಿತ. ಸಾಹೇಬರು ಏಕೆಂದು ಕೇಳಲಿಲ್ಲ. ಸುಮ್ಮನೆ ಅವನನ್ನೇ ನೋಡುತ್ತಿದ್ದು ಕೋವಿಯನ್ನು ಚೀಲಕ್ಕೆ ಹಾಕಿಕೊಂಡರು. ಎಂಥ ಪೆದ್ದ ಎಂದುಕೊಂಡ ಉಳವಪ್ಪ.

ಸಂಜೆ ಕಾಡಂಚಿನ ಅಟ್ಟಣೆಯ ಮೇಲೆ ಅವನಷ್ಟು ನೆಮ್ಮದಿಯಾಗಿ ಕೂತವರು ಇರಲಿಲ್ಲ. ಕೀರ್ತಿ ಕಟ್ಟಿಕೊಟ್ಟ ಚಪಾತಿ ತಿನ್ನುತ್ತಿದ್ದಾಗ ಜಿಂಕೆಯೊಂದು ಹುಲ್ಲಿಗೆ ಬಂತು. 'ಮೇಯವ್ವಾ, ಹೊಟ್ಟಿ ತುಂಬ ಮೇಯಿ. ನಾ ಅದೀನಿ' ಎಂದು ಮನಸ್ಸಿನಲ್ಲೇ ಅಭಯ ಕೊಟ್ಟ.

ಪಕ್ಕದಲ್ಲಿ ಸಾಹೇಬರ ಕೋವಿ ಢಮ್ಮೆಂದಿತು. ಜಿಂಕೆ ನಿಂತಲ್ಲೇ ಉರುಳಿತು.

ಸಾಹೇಬರು ಕಣ್ಣೀರು ಸುರಿಸುತ್ತ ಅವನನ್ನು ತಬ್ಬಿಕೊಂಡರು. "ಟ್ರಿಗರ್ ಎಳೆಯುವಾಗ ನಾನು ಕಣ್ಣು ಮುಚ್ಚಿ ಬಲಕ್ಕೆ ಜಗ್ಗಿಬಿಡುತ್ತೇನೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಸರಿಯಾಗಿದ್ದ ಕೋವಿಯನ್ನು ನೀನು ಎಡಕ್ಕೆ ತಿರುಗಿಸಿದಾಗಲೇ ಅಂದುಕೊಂಡೆ, ಇವನಿಗೆ ಗೊತ್ತಾಗಿದೆ, ನನ್ನ ಮರ್ಯಾದೆ ಉಳಿಸುತ್ತಿದ್ದಾನೆ ಎಂದು."

ಉಳವಪ್ಪ ಉಳಿದ ಚಪಾತಿಯನ್ನು ಹಾಗೇ ಸುತ್ತಿಟ್ಟ. ತಾನು ಕೈಕಟ್ಟಿ ಕೂತಿದ್ದರೆ ಆ ಬಡಪ್ರಾಣಿ ಇನ್ನೂ ಮೇಯುತ್ತಿರುತ್ತಿತ್ತು.

ಕೆಳಗಿಳಿದ ಸಾಹೇಬರು ಒಂದು ಹಸಿರು ಕಡ್ಡಿ ಮುರಿದು, ಜಿಂಕೆಯ ನೆತ್ತರಿಗೆ ತಾಗಿಸಿ, ಉಳವಪ್ಪನ ಟೋಪಿಗೆ ಭಕ್ತಿಯಿಂದ ಸಿಕ್ಕಿಸಿದರು.

"ಇದು ನಮ್ಮಲ್ಲಿ ಬೇಟೆಗಾರನಿಗೆ ಸಲ್ಲುವ ಗೌರವ. ಈ ಜಿಂಕೆಯನ್ನು ಹೊಡೆದವನು ನಾನಲ್ಲ, ನೀನು."