ಒಂದೇ ಕಲ್ಲಿನ ಗುಡ್ಡವೂ ನನ್ನ ಮೊಳೆ ಬೂಟೂ

ಗುಡ್ಡ ಹತ್ತುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಹೀಗೆಂದು ನಾನು ಪುಣೆಯ ನಮ್ಮ ವಾಡೆಯ ಅಂಗಳದಲ್ಲಿ ಕೂತು ಹೇಳುತ್ತಿದ್ದೆ. ಕೂತೇ ಹೇಳುತ್ತಿದ್ದೆ!

ಪಕ್ಕದ ಖೋಲಿಯ ಜೋಶಿಯವರು ರಜೆ ಬಂದರೆ ಕೋಟೆ ಹತ್ತುವವರು. ಸರ್ಕಾರಿ ಗುಮಾಸ್ತನಾದ ನಾನು ಅವರೆದುರು ಸುಮ್ಮನಿರಲಾದೀತೆ? "ನಿಮ್ಮ ಕೋಟೆಗಳಿಗೆ ಮೆಟ್ಟಿಲುಂಟು. ಹೊಸಪೇಟೆ ಹತ್ತಿರ ನಮ್ಮ ಮಾವನ ಊರಿನ ಗುಡ್ಡ ನೋಡಿ! ಬೋರಲು ಹಾಕಿದ ಗಡಿಗೆಯಂಥ ಒಂದೇ ಗ್ರಾನೈಟ್ ಕಲ್ಲು. ಬಿಳಿಯ ಸಾಹೇಬರು ಕೂಡ ಹಗ್ಗ ಹಿಡಿದು ಹತ್ತುತ್ತಾರೆ. ನಾನು ಹಾಗೇ ಓಡಿ ಹತ್ತುತ್ತೇನೆ" ಎಂದೆ, ಅಚ್ಚ ಮರಾಠಿಯಲ್ಲಿ.

ಒಳಗಿಂದ ಹೆಂಡತಿಯ ದನಿ ಬಂತು. "ಯಾವಾಗ ಹತ್ತೀರ್ರಿ? ಮದುವಿಗೆ ಬಂದಾಗ ಅದರ ನೆರಳಿನಾಗ ಮಲಗಿದ್ರಿ, ಅಷ್ಟ."

ಜೋಶಿಯವರಿಗೆ ಕನ್ನಡ ಬರುವುದಿಲ್ಲ. ದೇವರು ದೊಡ್ಡವನು! ಆದರೆ ದೀಪಾವಳಿಗೆ ನಾವು ಮಾವನ ಮನೆಗೆ ಹೊರಟಾಗ ಅವರೂ ಆ ಗುಡ್ಡ ಹತ್ತಲೆಂದು ಹಾಸಿಗೆ ಸುತ್ತಿಕೊಂಡು ಸ್ಟೇಷನ್ನಿಗೆ ಬಂದುಬಿಟ್ಟರು.

ಗುಡ್ಡದ ಬುಡದಲ್ಲಿ ಜೋಶಿಯವರು ಚಪ್ಪಲಿ ಬಿಟ್ಟರು. ಹೆಂಡತಿ ಸೀರೆಯ ಕಚ್ಚೆ ಬಿಗಿದಳು. ನಾನು ಮೊಳೆ ಬಡಿದ ಹೊಸ ಬೂಟು ಏರಿಸಿದೆ. ಬೂಟಿನ ಕಬ್ಬಿಣಕ್ಕೂ ಆ ನುಣ್ಣನೆಯ ಬಂಡೆಗೂ ಯಾವ ಜನ್ಮದ ದ್ವೇಷವೋ, ಒಂದು ಹೆಜ್ಜೆ ಏರಿದರೆ ಎರಡು ಹೆಜ್ಜೆ ಜಾರುತ್ತಿದ್ದೆ. ಬಿಚ್ಚೋಣವೆಂದರೆ ಮಾನದ ಪ್ರಶ್ನೆ! ಕೈಕಾಲು ನಾಲ್ಕೂ ಊರಿ ಅರ್ಧಕ್ಕೆ ಬಂದು ಕೆಳಗೆ ನೋಡಿದೆ. ನೋಡಬಾರದಿತ್ತು. ಮಾವನ ಮನೆ ಬೆಂಕಿಪೊಟ್ಟಣದಷ್ಟಿತ್ತು! ಕೂತುಬಿಟ್ಟೆ.

"ಏಳ್ರಿ, ಜೋಶಿಯವರು ಆಗಲೇ ತುದಿ ಮುಟ್ಟಿದ್ರು."

"ಇಲ್ಲಿಂದ ನೋಟ ಭಾಳ ಚಂದ ಅದ. ನೀ ನಡಿ."

"ಮತ್ತ ಕಣ್ಣ ಯಾಕ ಮುಚ್ಚೀರಿ?"

ಅವಳು ಅಟ್ಟ ಹತ್ತುವಂತೆ ಹತ್ತಿ ಹೋದಳು.

ಕೊನೆಗೆ ಹಗ್ಗ ಹೊತ್ತು ಬಂದ ಬಿಳಿಯ ಸಾಹೇಬನೊಬ್ಬ ನನ್ನನ್ನು ಕಂಡ. ಕೂತಲ್ಲಿಂದಲೇ ಸಲಾಮು ಹೊಡೆದು, ಕಚೇರಿಯ ಇಂಗ್ಲಿಷಿನಲ್ಲಿ, "ತಮ್ಮ ವಿಧೇಯ ಸೇವಕನು ಕೆಳಗಿಳಿಯಲು ಅಪ್ಪಣೆ ಬೇಡುತ್ತಾನೆ" ಎಂದು ವಿನಂತಿಸಿದೆ. ಆತ ಅಪ್ಪಣೆ ಕೊಡಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು ಜೋಳದ ಚೀಲ ಇಳಿಸಿದಂತೆ ಇಳಿಸಿದ! ಕೆಳಗೆ ಊರೇ ನೆರೆದಿತ್ತು. ಮಂಜುಗಣ್ಣಿನ ಅತ್ತೆಯೊಬ್ಬರೇ ಹಿಗ್ಗಿದರು: "ನಮ್ಮ ಅಳಿಯಂದಿರು ಎಲ್ಲಾರಕಿಂತ ಮೊದಲ ಇಳದ ಬಂದ್ರು!"

ಪುಣೆಗೆ ಮರಳಿದ ಮೇಲೆ ಮೊದಲ ರವಿವಾರ ಬೆಳಿಗ್ಗೆ ಜೋಶಿಯವರು ಬಾಗಿಲು ಬಡಿದರು.

"ಬಂದೆ, ಬಂದೆ!" ಎಂದೆ.

"ನೀವಲ್ಲ. ನಮ್ಮ ಮನೆಯವರೂ ಕೋಟೆಗೆ ಹೊರಟಿದ್ದಾರೆ, ಅತ್ತಿಗೆಯವರು ಬರುತ್ತಾರೋ ಕೇಳಿ."

ಹೆಂಡತಿ ಹೊರಟೇಬಿಟ್ಟಳು. ಹೊಸ್ತಿಲು ದಾಟುತ್ತ, "ಒಲಿ ಮ್ಯಾಲ ಅನ್ನ ಅದ, ಇಳಸ್ರಿ. ಇಳಸೋದು ಹ್ಯಾಂಗಂತ ಸಾಹೇಬ ತೋರಿಸ್ಯಾನಲ್ಲ!" ಎಂದಳು.

ಇಳಿಸಿದೆ. ತಳ ಸೀದ ಮೇಲೆ!