ಅಯ್ನೋರ ಮನೆಯ ಸಮುದ್ರ

ಡಾಕ್ಟರರು ನನಗೆ ಎರಡು ಮಾತು ಹೇಳಿದರು. ಒಂದು, ಉಪ್ಪು ಬಿಡಬೇಕು. ಎರಡು, ಮನಸ್ಸಿಗೆ ನೆಮ್ಮದಿ ಕೊಡುವಂಥದ್ದು ಏನಾದರೂ ಹಚ್ಚಿಕೊಳ್ಳಬೇಕು. ಬೇಕಾದರೆ ಮೀನು ಸಾಕಬಹುದು, ಈಜುವ ಮೀನು ನೋಡುತ್ತ ಕೂತರೆ ಬಿ.ಪಿ. ಇಳಿಯುತ್ತದೆ. ಮೊದಲನೆಯ ಮಾತನ್ನು ನನ್ನ ಹೆಂಡತಿ ವಿದ್ಯಾವತಿ ಕೇಳಿಸಿಕೊಂಡಳು. ಎರಡನೆಯದನ್ನು ನಾನು ಕೇಳಿಸಿಕೊಂಡೆ. ಇಪ್ಪತ್ತೇಳು ವರ್ಷದ ನಮ್ಮ ಸಂಸಾರದಲ್ಲಿ ಕೆಲಸಗಳು ಹೀಗೇ ಹಂಚಿಕೆಯಾಗುತ್ತ ಬಂದಿವೆ.

ಆಕೆ ಅಂದೇ ಸಂಜೆ ಉಪ್ಪಿನ ಡಬ್ಬಿಯನ್ನು ಅಡುಗೆಮನೆಯ ಅಟ್ಟಕ್ಕೇರಿಸಿದಳು. ಅಂದಿನಿಂದ ನನ್ನ ತಾಟಿಗೆ ಬರುವ ಸಾರು, ಪಲ್ಯ, ಝುಣಕ ಎಲ್ಲವೂ ವೈರಾಗ್ಯ ಹೊಂದಿದವು. ನಾನು ಮೀನು ತರಲು ಒಂದು ವರ್ಷ ತೆಗೆದುಕೊಂಡೆ. (ಮಹತ್ಕಾರ್ಯಗಳಿಗೆ ಚಿಂತನೆ ಬೇಕು.)

ನಾನು ಅಡಿವೆಯ್ಯ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಂಪ್ ಫಿಟ್ಟರ್, ಬಂಗೂರನಗರದ ಕ್ವಾರ್ಟರ್ಸಿನಲ್ಲಿ ವಾಸ. ಜಂಗಮರ ಮನೆ ನಮ್ಮದು, ಓಣಿಯವರ ಬಾಯಲ್ಲಿ ಅಯ್ನೋರ ಮನೆ. ಸೋಮವಾರ ಬಂತೆಂದರೆ ಓಣಿಯ ಹೆಣ್ಣುಮಕ್ಕಳು ಬಂದು ನನ್ನಂಥವನ ಕಾಲಿಗೂ ನಮಸ್ಕಾರ ಮಾಡಿ ಹೋಗುತ್ತಾರೆ. ಇಂಥ ಮನೆಯೊಳಗೆ ಮೀನು ತರುವುದೇ ಒಂದು ಸಾಹಸ. ಅದರಲ್ಲೂ ನಾನು ತಂದದ್ದು ಎಲ್ಲರ ಮನೆಯಲ್ಲಿರುವ ಸಿಹಿನೀರಿನ ಮೀನಲ್ಲ. ಮೂವತ್ತು ವರ್ಷ ಪಂಪು ಬಿಚ್ಚಿ ಜೋಡಿಸಿದ ಕೈಗೆ ಅದು ತೀರ ಸಣ್ಣ ಕೆಲಸ. ಹುಬ್ಬಳ್ಳಿಯ ಮೀನಿನ ಅಂಗಡಿಯ ಮೌನೇಶ, "ಸರ, ಸಮುದ್ರದ ಮೀನ ಸಾಕೂದು ಎಲ್ಲಾರಿಗೂ ಆಗೂದಿಲ್ಲರಿ. ಮಷೀನಿನ ಕೆಲಸ ಬಲ್ಲವರಿಗಷ್ಟ" ಎಂದುಬಿಟ್ಟ. ವ್ಯಾಪಾರ ಮಾಡುವವನಿಗೆ ಗಿರಾಕಿಯ ಯಾವ ನರ ಹಿಡಿಯಬೇಕೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಹೀಗೆ ನಮ್ಮ ಪಡಸಾಲೆಗೆ ನೂರೈವತ್ತು ಲೀಟರಿನ ಗಾಜಿನ ತೊಟ್ಟಿ ಬಂತು. ಅಲೆ ಎಬ್ಬಿಸುವ ಪಂಪು ಬಂತು, ನೀಲಿ ದೀಪ ಬಂತು, ಬಿಸಿಲುಗಾಲಕ್ಕೆಂದು ನೀರಿನ ಮೇಲೆ ಗಾಳಿ ಬೀಸುವ ಎರಡು ಪುಟ್ಟ ಫ್ಯಾನು ಬಂದವು. ಒಂದು ಬಕೆಟ್ ತುಂಬ ಸಮುದ್ರದ ಉಪ್ಪು ಬಂತು. ವಿದ್ಯಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಎಲ್ಲವನ್ನೂ ನೋಡಿದಳು. ಅವಳು ಮುಂಡಗೋಡ ಕಡೆಯ ಮಳಗಿಯವಳು. ಬೈಯುವ ಮೊದಲು ಪೂರ್ತಿ ನೋಡಿಕೊಳ್ಳುತ್ತಾಳೆ.

"ನಮ್ಮ ಕಾಳಿ ಹೊಳಿ ತಾನಾಗೇ ಹರದು ಕಾರವಾರಕ್ಕ ಹೋಗಿ ಸಮುದ್ರ ಸೇರತೈತಿ" ಎಂದಳು. "ನೀವು ಅದನ್ನ ತಿರುಗಿಸಿ ದಾಂಡೇಲಿಗೆ ತಂದ್ರಲ್ಲ. ಇದೇನಿದು, ಕೊಳವಿ ಮ್ಯಾಲೆ ಬಟ್ಟಲಾ?"

"ಅದು ಪ್ರೋಟೀನ್ ಸ್ಕಿಮ್ಮರ್. ನೀರಿನೊಳಗಿನ ಹೊಲಸನ್ನ ನೊರಿ ಮಾಡಿ ಮ್ಯಾಲೆ ತಂದು ಆ ಬಟ್ಟಲಕ್ಕ ಹಾಕತೈತಿ."

"ಬ್ಯಾಳಿ ಕುದಿಯೂ ಮುಂದ ನೊರಿ ತಗ್ಯಾಕ ನನಗ ಒಂದು ಸೌಟು ಸಾಕು. ನಿಮ್ಮ ಮೀನಿಗೆ ಕರೆಂಟಿನ ಸೌಟು ಬೇಕಾತೇನು?"

ವಿಜ್ಞಾನಿಗಳನ್ನು ಮನೆಯವರು ಎಂದೂ ಅರ್ಥಮಾಡಿಕೊಂಡಿಲ್ಲ. ಶೋಧಿಸಿದ ನೀರಿಗೆ ಐದೂಕಾಲು ಕಿಲೋ ಉಪ್ಪು ತೂಗಿ ಹಾಕಿ ಕದಡಿದೆ. ನನ್ನ ಅಳತೆಯ ಮೇಲೆ ನಂಬಿಕೆಯಿಲ್ಲದ ವಿದ್ಯಾವತಿ ಬೆರಳದ್ದಿ ನೆಕ್ಕಿ ನೋಡಿ, "ಬಾಳಕದ ಮೆಣಸಿನಕಾಯಿ ನೆನೆಹಾಕೂ ನೀರಿನಂಗ ಐತಿ" ಎಂದು ತೀರ್ಪು ಕೊಟ್ಟಳು. ಆಮೇಲೆ ಒಂದು ಷರತ್ತು ಹಾಕಿದಳು. "ನೋಡ್ರಿ, ಇದು ಅಯ್ನೋರ ಮನಿ. ಜೀವ ತಂದ ಮ್ಯಾಲೆ ಜ್ವಾಕಿ ಮಾಡಬೇಕು. ಒಂದು ಮೀನ ಸತ್ತರೂ ಅವತ್ತ ಈ ತೊಟ್ಟಿ ಹೊರಗ."

ಮೀನು ಬಿಡುವ ಮೊದಲು ನೀರು ಪಕ್ವವಾಗಬೇಕೆಂದು ಮೌನೇಶ ಹೇಳಿದ್ದರಿಂದ ಒಂದು ತಿಂಗಳು ತೊಟ್ಟಿಯಲ್ಲಿ ಕಲ್ಲು ಮಾತ್ರ ಇದ್ದವು. ನಾನು ದಿನಾಲು ಆ ಕಲ್ಲುಗಳನ್ನು ನೋಡಿ ಬಿ.ಪಿ. ಇಳಿಸಿಕೊಂಡೆ. ತಿಂಗಳಾದ ಮೇಲೆ ಹುಬ್ಬಳ್ಳಿಯಿಂದ ಎರಡು ಮೀನು ಬಂದವು. ಕೇಸರಿ ಮೈ, ಬಿಳಿ ಪಟ್ಟೆ. ನಮ್ಮ ಮನೆಗೆ ತಕ್ಕ ಹಾಗೆ ಮೈಮೇಲೆ ವಿಭೂತಿ ಹಚ್ಚಿಕೊಂಡೇ ಬಂದಂತಿದ್ದವು.

"ದೊಡ್ಡದು ಹೆಣ್ಣು, ಸಣ್ಣದು ಗಂಡು" ಎಂದು ನಾನು ಓದಿ ತಿಳಿದದ್ದನ್ನು ಹೇಳಿದೆ. "ಈ ಜಾತ್ಯಾಗ ಹೆಂಡತಿದೇ ಕಾರಭಾರ. ಗಂಡ ಆಕಿ ಹಿಂದ ಹಿಂದ ತಿರಗತಾನ."

"ಸಮುದ್ರದಾಗರ ನ್ಯಾಯ ಐತಿ ಅಂತಾತು" ಎಂದು ವಿದ್ಯಾವತಿ ಮೊದಲ ಬಾರಿಗೆ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

ಕೂತವಳು ಏಳಲೇ ಇಲ್ಲ ಎನ್ನಬಹುದು. ವಾರದೊಳಗೆ ದೊಡ್ಡದು 'ದೊಡ್ಡಾಕಿ'ಯಾಯಿತು, ಸಣ್ಣದು 'ಸಣ್ಣಾಂವ'ನಾಯಿತು. ಮೀನಿನ ಆಹಾರದಲ್ಲಿ ಸಿಗಡಿ ಇದೆಯೆಂಬ ಕಾರಣಕ್ಕೆ ಆ ಡಬ್ಬಿ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇರಬೇಕಿತ್ತು, ಅದನ್ನು ಮುಟ್ಟಿದ ಮೇಲೆ ನಾನು ಮೊಣಕೈವರೆಗೂ ತೊಳೆದುಕೊಂಡೇ ಒಳಗೆ ಬರಬೇಕಿತ್ತು. ಆದರೆ ಹೊತ್ತಿಗೆ ಸರಿಯಾಗಿ, "ರೀ, ಹುಡುಗೂರು ಹಸದಾವ" ಎಂದು ಕೂಗುವವಳು ಆಕೆಯೇ. ಪಕ್ಕದ ಮನೆಯ ಕಾಶೆವ್ವ ಒಂದು ಸೋಮವಾರ ಬಾಗಿಲಲ್ಲೇ ನಿಂತು, "ಅಲ್ಲವಾ, ಅಯ್ನೋರ ಮನ್ಯಾಗ ಮೀನ ತಂದಾರಂತ ಓಣ್ಯಾಗೆಲ್ಲ ಸುದ್ದಿ" ಎಂದಾಗಲೂ ಆಕೆಯೇ ಉತ್ತರ ಕೊಟ್ಟಳು: "ಇವು ನಾವು ತಿನ್ನೂ ಮೀನಲ್ಲ ಕಾಶೆವ್ವ, ನಾವು ಉಣ್ಣಿಸೂ ಮೀನ. ಒಳಗ ಬಾ, ನಮ್ಮ ಸಣ್ಣಾಂವನ ನೋಡು." ಕಾಶೆವ್ವ ಬಂದಳು, ನೋಡಿದಳು, ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡುವುದನ್ನು ಮರೆತಳು.

ಇನ್ನು ನನ್ನ ತಾಂತ್ರಿಕ ಆಡಳಿತದ ವಿಷಯ. ಏಪ್ರಿಲ್ ಬಿಸಿಲು, ಮೇಲೆ ಎರಡು ಫ್ಯಾನು. ತೊಟ್ಟಿಯ ನೀರು ದಿನಕ್ಕೆ ಎರಡು ಲೀಟರ್ ಕಡಿಮೆಯಾಗುತ್ತಿತ್ತು. ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ನೀರು ಕಡಿಮೆಯಾಯಿತೆಂದರೆ ಎಲ್ಲೋ ಸೋರಿತು ಎಂದರ್ಥ. ಯಾವುದು ಸೋರಿತೋ ಅದನ್ನೇ ತುಂಬಬೇಕು, ಇದು ಫಿಟ್ಟರನ ಮೊದಲ ಪಾಠ. ಆದ್ದರಿಂದ ದಿನಾಲು ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ, ಅದೇ ಅಳತೆಯ ಉಪ್ಪು ಬೆರೆಸಿದ ಎರಡು ಲೀಟರ್ ನೀರನ್ನು ಭಕ್ತಿಯಿಂದ ಗೆರೆಯವರೆಗೆ ತುಂಬಿದೆ. ಉಪ್ಪು ಅಳೆಯುವ ಮುಳ್ಳಿನ ಡಬ್ಬಿಯನ್ನೂ ದಿನಾಲು ಅದ್ದಿ ನೋಡುತ್ತಿದ್ದೆ. ಮುಳ್ಳು ಸರಿಯಾದ ಅಂಕಿಯ ಮೇಲೆ ಶಿಲೆಯಂತೆ ನಿಂತಿರುತ್ತಿತ್ತು.

"ಮೂರು ವಾರದಿಂದ ಒಂದು ಕೂದಲೆಳಿಯಷ್ಟು ಅಲಗಿಲ್ಲ ನೋಡು" ಎಂದು ಹೆಂಡತಿಗೆ ತೋರಿಸಿದೆ.

"ಕೆಟ್ಟ ಗಡಿಯಾರದ ಮುಳ್ಳೂ ಅಲಗೂದಿಲ್ಲರಿ" ಎಂದಳು. ಅಸೂಯೆ ಎಂದುಕೊಂಡೆ.

ಮರುದಿನ ಭಾನುವಾರ. ಮುಂಜಾನೆ ನಾನು ಸ್ಕಿಮ್ಮರಿನ ಬಟ್ಟಲು ತೊಳೆಯುತ್ತಿದ್ದಾಗ ವಿದ್ಯಾವತಿಯ ದನಿ ಕೇಳಿತು. ಜೋರು ದನಿಯಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ರೀ, ಇಲ್ಲೆ ಬರ್ರಿ. ಸಣ್ಣಾಂವ ಉಣ್ಣವಲ್ಲ."

ಸಣ್ಣಾಂವ ಮೂಲೆಯಲ್ಲಿ, ಕಲ್ಲಿನ ಕೆಳಗೆ ಓರೆಯಾಗಿ ಒರಗಿದ್ದ. ಬಾಯಿ ತೆರೆದು ಮುಚ್ಚಿ ಏದುಸಿರು ಬಿಡುತ್ತಿದ್ದ. ದೊಡ್ಡಾಕಿ ಕಾರಭಾರವನ್ನೆಲ್ಲ ಬಿಟ್ಟು ಅವನ ಪಕ್ಕದಲ್ಲೇ ನಿಂತಿದ್ದಳು. ನನಗೆ ಷರತ್ತು ನೆನಪಾಯಿತು, ಆದರೆ ವಿದ್ಯಾವತಿಯ ಮುಖ ನೋಡಿದ ಮೇಲೆ ತೊಟ್ಟಿ ಹೊರಗೆ ಹೋಗುವ ಚಿಂತೆ ಉಳಿಯಲಿಲ್ಲ. ಆ ಜೀವ ಉಳಿಯಬೇಕಿತ್ತು, ಅಷ್ಟೇ.

ನಾನು ಫಿಟ್ಟರನಿಗೆ ತಿಳಿದದ್ದನ್ನೆಲ್ಲ ಮಾಡಿದೆ. ಪಂಪು ಬಿಚ್ಚಿದೆ, ಜೋಡಿಸಿದೆ. ಪೈಪು ಊದಿದೆ. ದೀಪ ಆರಿಸಿ ಹಚ್ಚಿದೆ. ಒಂದು ಸ್ಕ್ರೂ ಹೆಚ್ಚಿಗೆ ಉಳಿಯಿತು, ಅದನ್ನು ಜೇಬಿಗೆ ಹಾಕಿಕೊಂಡೆ. ಮಷೀನುಗಳೆಲ್ಲ ಸರಿಯಾಗಿದ್ದವು, ಸಣ್ಣಾಂವ ಮಾತ್ರ ಸರಿಯಿರಲಿಲ್ಲ.

ವಿದ್ಯಾವತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಬೆರಳನ್ನು ತೊಟ್ಟಿಯೊಳಗೆ ಅದ್ದಿದಳು. ಜಂಗಮರ ಮನೆಯ ಹೆಣ್ಣುಮಗಳು ಮೀನಾಡಿದ ನೀರನ್ನು ನಾಲಗೆಗೆ ಮುಟ್ಟಿಸಿಕೊಂಡಳು. ಮುಖ ಕಿವುಚಿಕೊಂಡು ನನ್ನ ಕಡೆ ತಿರುಗಿದಳು.

"ಇದು ಅವತ್ತಿನ ನೀರಲ್ಲ. ಉಪ್ಪಿನಕಾಯಿ ರಸ ಆಗೈತಿ. ದಿನಾ ಮುಂಜಾನೆ ಏನ ಹಾಕ್ತೀರಿ ಇದಕ್ಕ?"

"ನೀರು ಕಡಿಮಿ ಆದಷ್ಟು ನೀರು."

"ಎಂಥಾ ನೀರು?"

"ಉಪ್ಪಿನ ನೀರು. ಉಪ್ಪಿನ ನೀರು ಕಡಿಮಿ ಆದ್ರ ಉಪ್ಪಿನ ನೀರೇ..."

"ಸಾರು ಕುದ್ದು ಕುದ್ದು ಇಂಗಿದ್ರ ಉಪ್ಪು ಹಾರಿ ಹೋಗತೈತೇನ್ರಿ?" ಎಂದಳು. "ನೀರು ಹಾರತೈತಿ, ಉಪ್ಪು ಅಲ್ಲೇ ಕೂಡತೈತಿ. ಅದಕ್ಕ ಬರೇ ನೀರು ಹಾಕಬೇಕು. ಮೂರು ವಾರ ದಿನಾ ಉಪ್ಪು ಸುರದೀರಿ. ಪಾಪ, ಬಾಯಿಲ್ಲದ ಜೀವ."

ನಾನು ಮುಳ್ಳಿನ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದೆ. ಮುಳ್ಳಿನ ಬುಡಕ್ಕೆ ಗಟ್ಟಿ ಕೂತಿದ್ದ ಉಪ್ಪು ಕರಗಿತು. ತೊಟ್ಟಿಗೆ ಅದ್ದಿದರೆ ಆ ಮುಳ್ಳು ಸೊಯ್ಯನೆ ಮೇಲೆದ್ದು ಅಂಕಿಗಳನ್ನೆಲ್ಲ ದಾಟಿಹೋಯಿತು. ಮೌನೇಶನಿಗೆ ಫೋನು ಹಚ್ಚಿದೆ. "ಮೇಡಮ್ಮಾರು ಹೇಳಿದ್ದು ಖರೇ ಐತ್ರಿ ಸರ" ಎಂದ. "ಆದ್ರ ಒಮ್ಮೆಲೇ ಸಿಹಿನೀರು ಸುರೀಬ್ಯಾಡ್ರಿ, ಅದೂ ತಡಕೊಳ್ಳೂದಿಲ್ಲ. ಸ್ವಲ್ಪ ತಗೀರಿ, ಸ್ವಲ್ಪ ಹಾಕ್ರಿ, ಮೂರು ದಿನದಾಗ ಇಳಸ್ರಿ."

ಮೂರು ದಿನ ರಜೆ ಹಾಕಿದೆ. ನಾನು ಚರಿಗೆಯಿಂದ ಉಪ್ಪುನೀರು ತೆಗೆಯುವುದು, ಆಕೆ ಲೋಟದಿಂದ ಸಿಹಿನೀರು ಬಿಡುವುದು. ಆಕೆ ಬಿಡುವಾಗ ಕೂಸಿನ ತಲೆಗೆ ಎರೆಯುವಂತೆ ನೀರಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ನಾವಿಬ್ಬರೂ ಇಷ್ಟು ಹೊತ್ತು ಒಂದೇ ಕಡೆ ಕೂತು ಎಷ್ಟು ವರ್ಷವಾಗಿತ್ತೋ ನನಗೆ ನೆನಪಿಲ್ಲ. ಮೂರನೆಯ ದಿನ ಮಧ್ಯಾಹ್ನ ಸಣ್ಣಾಂವ ಕಲ್ಲಿನ ಕೆಳಗಿನಿಂದ ಹೊರಬಂದ. ನಾನು ಸ್ಕೂಟರಿನತ್ತ ಓಡಿಹೋಗಿ ಒಂದು ಕಾಳು ಆಹಾರ ತಂದು ಹಾಕಿದೆ. ಅವನು ಅದನ್ನು ನುಂಗಿದ. ದೊಡ್ಡಾಕಿ ಅವನನ್ನು ಒಮ್ಮೆ ತಿವಿದು ಹಿಂದಕ್ಕೆ ಅಟ್ಟಿದಳು, ಕಾರಭಾರ ಮತ್ತೆ ಶುರುವಾಯಿತು. ವಿದ್ಯಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮುಖ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋಗಿಬಂದೆ.

ಊಟಕ್ಕೆ ಕೂತಾಗ ನನಗೆ ಕುತೂಹಲ ತಡೆಯಲಿಲ್ಲ. "ಅಲ್ಲ, ಒಂದು ಬೆರಳು ನೆಕ್ಕಿ ಅದೆಂಗ ಹೇಳಿದಿ? ಮಷೀನಿಗೆ ತಿಳೀಲಿಲ್ಲ."

"ಉಪ್ಪು ಬಿಟ್ಟ ನಾಲಿಗಿಗೆ ಉಪ್ಪು ಲಗೂ ತಿಳೀತೈತಿ" ಎಂದಳು, ರೊಟ್ಟಿ ಮುರಿಯುತ್ತ.

"ನೀ ಯಾಕ ಬಿಟ್ಟಿ? ಬಿ.ಪಿ. ನನಗಲ್ಲೇನು?"

"ನಿಮಗೊಬ್ಬರಿಗೆ ಸಪ್ಪನ್ನ ಬಡಿಸಿ ಎದುರಿಗೆ ಕುಂತು ನಾ ಹೆಂಗ ರುಚಿ ಮಾಡಕೊಂಡು ಉಣ್ಣಲಿ? ವರ್ಷದ ಮ್ಯಾಲಾತು. ರೂಢಿ ಆಗೈತಿ ಬಿಡ್ರಿ."

ಓದುಗರೇ, ಇಲ್ಲಿಯವರೆಗೆ ನಿಮ್ಮಿಂದಲೂ ಮುಚ್ಚಿಟ್ಟ ಒಂದು ಸಂಗತಿಯಿದೆ. ಆ ಇಡೀ ವರ್ಷ ನಾನು ಕೆಲಸ ಬಿಟ್ಟು ಬರುವಾಗ ಬಸ್‌ಸ್ಟ್ಯಾಂಡ್ ಹತ್ತಿರದ ಗಾಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಎರಡು ಮಿರ್ಚಿ ಭಜಿ ತಿನ್ನುತ್ತಿದ್ದೆ, ಮೇಲೆ ಉಪ್ಪು ಉದುರಿಸಿಕೊಂಡು. ಕೆಲವು ದಿನ ಮೂರು. ಈ ಮಾತು ಕೇಳಿದ ಮೇಲೆ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟೆ. ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಹೇಳಿಬಿಟ್ಟೆ, ಮೂರು ತಿಂದ ದಿನಗಳನ್ನೂ ಸೇರಿಸಿ.

ವಿದ್ಯಾವತಿ ಬೈಯಲಿಲ್ಲ. ನನ್ನನ್ನು ಪೂರ್ತಿ ನೋಡಿಕೊಂಡಳು. ಆಮೇಲೆ ಎದ್ದು, ಸ್ಟೂಲು ಹತ್ತಿ, ಅಟ್ಟದಿಂದ ಡಬ್ಬಿ ಇಳಿಸಿ ತಂದಳು. ತನ್ನ ಸಾರಿಗೆ ಉಪ್ಪು ಹಾಕಿ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ಸುಮ್ಮನೆ ಕೈ ಚಾಚಿ ನೋಡಿದೆ. ಡಬ್ಬಿಯನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು.

"ನೀವು ವರ್ಷದ್ದು ತಿಂದು ಮುಗಿಸೀರಿ" ಎಂದಳು. "ನಾಳೆಯಿಂದ ಕೆಲಸ ಬಿಡೂ ಹೊತ್ತಿಗೆ ನಾನೇ ಗೇಟಿಗೆ ಬರ್ತೇನಿ. ಕೂಡೇ ಮನಿಗೆ ಬರೂಣು."

ಒಂದು ವರ್ಷದ ನಂತರ ನಾನು ನಿಜವಾಗಿಯೂ ಸಪ್ಪೆ ಊಟ ಮಾಡಿದೆ. ಎದುರಿಗೆ ನನ್ನ ಹೆಂಡತಿ ಅನ್ನದ ನಡುವೆ ಗುಳಿ ಮಾಡಿ ಎರಡನೆಯ ಸಲ ಸಾರು ಬಡಿಸಿಕೊಂಡಳು.